ಹೋಗಬ್ಯಾಡ ನಿಂಗವ್ವ

ಸನತ್‌ನಗರ, ಹೈದರಾಬಾದ್
೯ ನವೆಂಬರ್ ೨೦೦೩

ಪೂಜ್ಯ ಮೇಷ್ಟ್ರಿಗೆ ಸಂಯುಕ್ತಾಳ ನಮಸ್ಕಾರಗಳು.

ನಿಮಗೆ ಬರೆಯದೆ ಎರಡು ದೀಪಾವಳಿ ಕಳೆದವು. ಈಗಲೂ ಬರೆಯುತ್ತಿರುವುದು ಅನುಮತಿ ಕೇಳಲಿಕ್ಕೆ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನೀವು ಬರೆದ ‘ನಿಂಗವ್ವನ ಹಾದಿ’ಯನ್ನು ಕೊಂಡಾಪುರದ ಕೂಲಿಕಾರರ ಶೆಡ್ಡುಗಳ ನಡುವೆ ಆಡಬೇಕೆಂದಿದ್ದೇನೆ.

ನಮ್ಮ ಕನ್ನಡ ಬಳಗದ ವಿಚಾರ ಹಿಂದೆ ಬರೆದಿದ್ದೆ. ಸರಕಾರಿ ಕಾರ್ಖಾನೆಗಳಲ್ಲಿ, ರಕ್ಷಣಾ ಇಲಾಖೆಯ ಲ್ಯಾಬುಗಳಲ್ಲಿ ದುಡಿಯುವ ನನ್ನಂಥವರ ಗುಂಪು. ವರ್ಷಕ್ಕೊಂದು ನಾಟಕ, ಅಬಿಡ್ಸ್ ಹತ್ತಿರದ ಒಂದು ಸಭಾಂಗಣದಲ್ಲಿ. ಬರುವವರು ಅದೇ ಜನ, ಕೂರುವುದು ಅದೇ ಸಾಲಿನಲ್ಲಿ, ಮುಗಿದ ಮೇಲೆ ಆಡುವುದು ಉಪ್ಪಿಟ್ಟಿನ ಮಾತು.

ಹೋದ ತಿಂಗಳು ಗೆಳತಿ ಲಹರಿ ಕೊಂಡಾಪುರದಲ್ಲಿ ಕೊಂಡ ಹೊಸ ಫ್ಲ್ಯಾಟು ನೋಡಲು ಹೋಗಿದ್ದೆ. ಅವಳು ಅಲ್ಲೇ ಒಂದು ಐಟಿ ಕಂಪನಿಯಲ್ಲಿದ್ದಾಳೆ. ಬಾಲ್ಕನಿಯಲ್ಲಿ ನಿಂತಿದ್ದಾಗ ಕೆಳಗಿನಿಂದ ಯಾರೋ ಹೆಂಗಸು ನೀರಿನ ಟ್ಯಾಂಕರಿನವನನ್ನು ಅಪ್ಪಟ ರಾಯಚೂರಿನ ಕನ್ನಡದಲ್ಲಿ ಬೈಯುವುದು ಕೇಳಿಸಿತು. ಕಾಂಪೌಂಡಿನ ಆಚೆ ಇನ್ನೊಂದು ಕಟ್ಟಡ ಏಳುತ್ತಿದೆ, ಅದರ ಬುಡದಲ್ಲಿ ಸಾಲಾಗಿ ತಗಡಿನ ಶೆಡ್ಡುಗಳು. ಇಳಿದು ಹೋಗಿ ಮಾತಾಡಿಸಿದೆ. ಅವಳ ಹೆಸರು ಗದಿಗೆಮ್ಮ, ದೇವದುರ್ಗದ ಕಡೆಯವಳು. ಅಲ್ಲಿರುವವರೆಲ್ಲ ರಾಯಚೂರು, ಯಾದಗಿರಿಯವರೇ. ಮಾಲು ತರುವವರ ಹತ್ತಿರ ತೆಲುಗು, ವಾಚ್‌ಮನ್ ಹತ್ತಿರ ಹಿಂದಿ. ಕನ್ನಡ ಜಗಳಕ್ಕೆ ಮತ್ತು ಮಕ್ಕಳನ್ನು ಮಲಗಿಸಲಿಕ್ಕೆ. ಇಲ್ಲಿ ನಾಟಕ ಗೀಟಕ ನೋಡಿದ್ದುಂಟೇ ಎಂದು ಕೇಳಿದೆ.

“ಊರಾಗ ಆಟ ನೋಡತಿದ್ವಿರಿ. ಇಲ್ಲಿ ನಮ್ಮ ಮುಂದ ಯಾರು ಕುಣೀತಾರ? ನಾವು ಎಲ್ಲಾರ ಮುಂದ ಕುಣೀಬೇಕು” ಅಂದಳು.

ಅಂದಿನಿಂದ ಈ ಮಾತು ತಲೆಯಿಂದ ಇಳಿದಿಲ್ಲ. ಬಳಗದ ಕಾರ್ಯದರ್ಶಿ ಕಲ್ಯಾಣಪ್ಪನವರನ್ನು ಕೇಳಿದೆ. ಅಲ್ಲಿ ಅತಿಥಿಗಳನ್ನು ಎಲ್ಲಿ ಕೂರಿಸುತ್ತೀರಿ ಎಂದರು. ಅತಿಥಿಗಳೇ ಬೇಡ ಎಂದೆ. ಹಾಗಾದರೆ ಬಳಗವೂ ಬೇಡ ಎಂದರು. ಆದರೂ ಲ್ಯಾಬಿನ ಆನಂದಕುಮಾರ ಗಂಡನ ಪಾತ್ರಕ್ಕೆ ಒಪ್ಪಿದ್ದಾನೆ. ನಿಂಗವ್ವ ನಾನೇ. ಲಹರಿ ಬಟ್ಟೆಬರೆ ನೋಡಿಕೊಳ್ಳುತ್ತಾಳೆ. ನೀವು ಹೂಂ ಎಂದರೆ ಸಾಕು.

ನಿಮ್ಮ ಶಿಷ್ಯೆ,
ಸಂಯುಕ್ತಾ


ಹೊಸಪೇಟೆ
೨೧ ನವೆಂಬರ್ ೨೦೦೩

ಚಿ. ಸಂಯುಕ್ತಾಳಿಗೆ ತಿಪ್ಪೇಸ್ವಾಮಿಯ ಆಶೀರ್ವಾದಗಳು.

ನಿನ್ನ ಉತ್ಸಾಹ ಮೆಚ್ಚಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕು ಕೆಟ್ಟಾಗ ನೀನು ಗಂಟಲು ಹರಿಯುವಂತೆ ಮಾತು ಒಪ್ಪಿಸಿದ್ದು ನೆನಪಾಯಿತು.

ಆದರೂ ಒಂದು ಮಾತು. ಆ ಜನಕ್ಕೆ ನಗಿಸುವ ಪ್ರಹಸನ ಸಾಕಾಗಿತ್ತು. ‘ನಿಂಗವ್ವನ ಹಾದಿ’ ಕೂತು ಯೋಚಿಸುವವರ ನಾಟಕ. ಪೆಟ್ಟು ತಿಂದು ಗಂಡನ ಮನೆ ಬಿಟ್ಟ ಹೆಣ್ಣು, ಮಗು ಕಟ್ಟಿಕೊಂಡು ರಸ್ತೆಯ ಜಲ್ಲಿ ಒಡೆದು ಬದುಕಿ, ಕಡೆಗೆ ಕರೆಯಲು ಬಂದ ಗಂಡನನ್ನು ಕ್ಷಮಿಸಿ ಅವನ ಹಿಂದೆ ನಡೆಯುತ್ತಾಳಲ್ಲ, ಆ ಕ್ಷಮೆಯ ತೂಕ ಎಲ್ಲರಿಗೂ ಸಿಕ್ಕುವುದಿಲ್ಲ. ಬಹುಮಾನ ಕೊಟ್ಟ ಸಮಿತಿಯವರು ಎತ್ತಿ ಹೇಳಿದ್ದೂ ಆ ಕೊನೆಯ ದೃಶ್ಯವನ್ನೇ.

ಆಡು. ಒಂದೇ ಷರತ್ತು. ಕೊನೆಯ ದೃಶ್ಯದಲ್ಲಿ ಒಂದಕ್ಷರವೂ ಬದಲಾಗಕೂಡದು.

ನನ್ನ ಆರೋಗ್ಯ ಚೆನ್ನಾಗಿದೆ. ನಿವೃತ್ತಿಯ ನಂತರ ತಂಗಿ ಹಂಪಮ್ಮ ನನ್ನ ಜೊತೆಗೇ ಇದ್ದಾಳೆ. ಹೊಲಿಗೆ ಮಾಡಿಕೊಂಡಿದ್ದಾಳೆ. ಅವಳಿಗೂ ಇನ್ಯಾರಿದ್ದಾರೆ, ಪಾಪ. ನಿನ್ನ ಪತ್ರ ಓದಿ ಹೇಳಿದೆ. ಎದ್ದು ಹೊಲಿಗೆಯ ಮೆಷಿನ್ನಿಗೆ ಹೋಗಿ ಕೂತಳು. ನಾಟಕವೆಂದರೆ ಅವಳಿಗೆ ಅಷ್ಟಕ್ಕಷ್ಟೇ.

ತಿಪ್ಪೇಸ್ವಾಮಿ


ಸನತ್‌ನಗರ
೨೦ ಜನವರಿ ೨೦೦೪

ಪೂಜ್ಯ ಮೇಷ್ಟ್ರಿಗೆ,

ಸಂಕ್ರಾಂತಿ ಮುಗಿದ ಭಾನುವಾರ ನಾಟಕ ಆಯಿತು. ಜನ ತುಂಬ ಸೇರಿದ್ದರು. ಮರಳಿನ ಗುಡ್ಡೆಯ ಮೇಲೆ, ಇಟ್ಟಿಗೆಯ ಅಟ್ಟಿಯ ಮೇಲೆ, ಎಲ್ಲೆಲ್ಲೂ ಕೂತಿದ್ದರು. ಎಲ್ಲರಿಗೂ ಬಹಳ ಹಿಡಿಸಿತು. ಕೊನೆಯ ದೃಶ್ಯದಲ್ಲಿ ಮಾತ್ರ ಕರೆಂಟ್ ಹೋಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬೇರೇನೂ ತೊಂದರೆ ಇಲ್ಲ.

ಒಂದು ಸಣ್ಣ ಸಂದೇಹ. ನಿಂಗವ್ವ ಯಾಕೆ ವಾಪಸು ಹೋಗುತ್ತಾಳೆ? ಪಾತ್ರ ಮಾಡುವವಳಾಗಿ ಕೇಳುತ್ತಿದ್ದೇನೆ, ಅಷ್ಟೇ.

ಸಂಯುಕ್ತಾ


ಹೊಸಪೇಟೆ
೩ ಫೆಬ್ರವರಿ ೨೦೦೪

ಸಂಯುಕ್ತಾ,

ನಿಮ್ಮ ಕಲ್ಯಾಣಪ್ಪನವರಿಂದ ಪತ್ರ ಬಂತು. ನಡೆದದ್ದನ್ನೆಲ್ಲ ಬರೆದಿದ್ದಾರೆ. ನೀನು ಜನರನ್ನು ರಂಗದ ಮೇಲೆ ಹತ್ತಿಸಿ ನನ್ನ ಕೊನೆಯ ದೃಶ್ಯವನ್ನು ಸಂತೆಯ ಜಗಳ ಮಾಡಿದೆಯಂತೆ. ಕೂಲಿ ಹೆಂಗಸರ ಚಪ್ಪಾಳೆಯ ಆಸೆಗೆ ನನ್ನ ನಿಂಗವ್ವನನ್ನು ಮಾರಿದೆಯಂತೆ. ನನಗೆ ಮಾತ್ರ ಕರೆಂಟ್ ಹೋಯಿತೆಂದು ಬರೆದೆ.

ನೀನು ಷರತ್ತು ಮುರಿದದ್ದಕ್ಕಿಂತ ನನ್ನಿಂದ ಮುಚ್ಚಿಟ್ಟದ್ದು ನೋವಾಯಿತು. ನಿಂಗವ್ವ ಯಾಕೆ ಹೋಗುತ್ತಾಳೆ ಎಂದು ಕೇಳಿದ್ದೀ. ನಾನು ಬರೆದದ್ದರಿಂದ ಹೋಗುತ್ತಾಳೆ. ಇನ್ನು ಮುಂದೆ ಆ ನಾಟಕವನ್ನು ನೀನು ಎಲ್ಲಿಯೂ ಆಡಕೂಡದು. ಅನುಮತಿ ವಾಪಸು ತೆಗೆದುಕೊಂಡಿದ್ದೇನೆ.

ತಿಪ್ಪೇಸ್ವಾಮಿ


ಸನತ್‌ನಗರ
೧೨ ಫೆಬ್ರವರಿ ೨೦೦೪

ಮೇಷ್ಟ್ರೇ,

ಕಲ್ಯಾಣಪ್ಪನವರು ಅಂದು ಅಲ್ಲಿಗೆ ಬಂದೇ ಇರಲಿಲ್ಲ, ಯಾರದೋ ಬಾಯಿಂದ ಕೇಳಿ ಬರೆದಿದ್ದಾರೆ. ಕಣ್ಣಾರೆ ಕಂಡ ನಾನು ಬರೆಯಬೇಕಾಗಿತ್ತು. ನಿಮಗೆ ಬೇಸರವಾಗುತ್ತದೆಂದು ಬಿಟ್ಟೆ. ಈಗ ಹೇಗೂ ಬೇಸರವಾಗಿದೆ, ಪೂರ್ತಿ ಬರೆಯುತ್ತೇನೆ.

ಜಗಳದ ದೃಶ್ಯದವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಕೊನೆಯಲ್ಲಿ ಆನಂದಕುಮಾರ ಬಂದು ನಿಂತು, ಮನೆಗೆ ನಡೆ ನಿಂಗಿ ಎಂದ. ನಾನು ಗಂಟು ಎತ್ತಿಕೊಂಡೆ. ಒಂದು ಹೆಜ್ಜೆ ಇಟ್ಟಿದ್ದೆ. ಗದಿಗೆಮ್ಮ ಮುಂದಿನ ಸಾಲಿನಿಂದ ಎದ್ದಳು. ಕೂಗಲಿಲ್ಲ. ನಿಧಾನಕ್ಕೆ ಬಂದು ನನ್ನ ಕೈಯಿಂದ ಗಂಟು ತೆಗೆದುಕೊಂಡು ಕೆಳಗಿಟ್ಟಳು.

“ಹೋಗಬ್ಯಾಡ ನಿಂಗವ್ವ. ಹೊಡಿಯೂದು ರೂಢಿ ಆದಂವ ಬಿಡಾಂಗಿಲ್ಲ. ಇಲ್ಲೇ ಇರು, ನಮ್ಮ ಶೆಡ್ಡಿನ್ಯಾಗ ಜಾಗ ಐತಿ.”

ನನ್ನ ಹೆಸರು ಅವಳಿಗೆ ಚೆನ್ನಾಗಿ ಗೊತ್ತು, ಮೇಷ್ಟ್ರೇ. ಆ ಹೊತ್ತಿಗೆ ಅವಳ ಪಾಲಿಗೆ ನಾನು ನಿಂಗವ್ವನೇ. ನಿಮ್ಮ ಮಾತು ಹೇಳಲು ಬಾಯಿ ತೆರೆದೆ. ಹಿಂದಿನಿಂದ ಇನ್ನೂ ನಾಲ್ಕಾರು ಹೆಂಗಸರು ಎದ್ದು ನಿಂತರು. ಒಬ್ಬ ಮುದುಕ, ಮಗುವಿಗೆ ಅಪ್ಪ ಬೇಕು, ಹೋಗಲಿ ಬಿಡಿ ಎಂದ. ಅವನ ಸೊಸೆಯೇ ಅವನಿಗೆ ಎದುರು ಮಾತಾಡಿದಳು. ಗಂಡಸರಲ್ಲೂ ಎರಡು ಪಕ್ಷವಾಯಿತು. ಒಬ್ಬಾಕೆ ಆನಂದಕುಮಾರನ ಮುಂದೆ ಹೋಗಿ, “ಕರಿಯಾಕ ಬಂದಿ, ಖರೆ. ಹೊಡದದ್ದು ಯಾಕ, ಅದನ್ನ ಮೊದಲ ಹೇಳು” ಎಂದು ಕೇಳಿದಳು. ಇಡೀ ನಾಟಕ ಬಾಯಿಪಾಠ ಇರುವ ಆನಂದಕುಮಾರ ತಲೆ ತಗ್ಗಿಸಿ ನಿಂತುಬಿಟ್ಟ. ಆ ಪ್ರಶ್ನೆಗೆ ನಿಮ್ಮ ಹಸ್ತಪ್ರತಿಯಲ್ಲಿ ಉತ್ತರವಿಲ್ಲ.

ಕರೆಂಟ್ ಹೋದದ್ದು ನಿಜ. ತೆಗೆದದ್ದು ಮೌನಪ್ಪ, ಅಲ್ಲಿನ ಮೇಸ್ತ್ರಿ. ಕೆಲಸಕ್ಕೆ ಆಳು ಕರೆತರುವವನು, ಶೆಡ್ಡು ಕೊಡುವವನು, ಬಿಡಿಸುವವನು ಎಲ್ಲ ಅವನೇ. ಅವನೂ ಯಾದಗಿರಿಯವನು. ಫ್ಯೂಜು ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ಬಂದು, “ಮೇಡಮ್ಮರ, ಇವತ್ತು ನಾಟಕದಾಗ ಎದ್ದು ನಿಂತೋರು ನಾಳಿ ಕೆಲಸದಾಗ ಎದ್ದು ನಿಲ್ತಾರ. ನಿಮ್ಮ ಆಟ ಇಲ್ಲಿಗೆ ಸಾಕ್ರಿ” ಎಂದ. ಸಿಟ್ಟಿನಲ್ಲಿ ಹೇಳಲಿಲ್ಲ. ಅದೇ ನನ್ನನ್ನು ಹೆಚ್ಚು ಕೆಣಕಿತು.

ನಾನು ಯಾರನ್ನೂ ರಂಗಕ್ಕೆ ಹತ್ತಿಸಲಿಲ್ಲ. ರಂಗವೇ ಇರಲಿಲ್ಲ. ಅವರು ನೆಲದ ಮೇಲೆ ಕೂತಿದ್ದರು, ನಾವೂ ನೆಲದ ಮೇಲೆ ನಿಂತಿದ್ದೆವು. ಅಬಿಡ್ಸ್‌ನ ಸಭಾಂಗಣದಲ್ಲಿ ನಾನು ಎಷ್ಟೋ ಸಲ ಅತ್ತಿದ್ದೇನೆ, ಒಬ್ಬರೂ ಹೀಗೆ ಎದ್ದು ಬಂದು ಕೈ ಹಿಡಿದದ್ದಿಲ್ಲ. ನಾಟಕ ಅರ್ಥವಾಗದ ಜನ ಎಂದು ಬರೆದಿದ್ದಿರಿ. ಅರ್ಥವಾದದ್ದರಿಂದಲೇ ಎದ್ದರು.

ಬಳಗದಿಂದ ನನ್ನ ಹೆಸರು ತೆಗೆದಿದ್ದಾರೆ. ಇರಲಿ. ಗದಿಗೆಮ್ಮ ಮತ್ತೆ ಯಾವಾಗ ಆಡುತ್ತೀರಿ ಎಂದು ಕೇಳುತ್ತಿದ್ದಾಳೆ. ಕತೆ ಅರ್ಧಕ್ಕೆ ನಿಂತದ್ದರಿಂದ ಅವಳಿಗೆ ಅನ್ನ ಇಳಿಯುತ್ತಿಲ್ಲವಂತೆ. ಆಡುತ್ತೇವೆ, ಮೇಷ್ಟ್ರೇ. ನಿಮ್ಮ ಕೊನೆಯನ್ನು ನಾನು ಆ ಹೆಂಗಸರ ಮುಂದೆ ಇನ್ನೊಮ್ಮೆ ಹೇಳಲಾರೆ. ನಾಟಕದ ಹೆಸರೂ ನಿಮ್ಮ ಹೆಸರೂ ಬೇಡವೆಂದರೆ ತೆಗೆಯುತ್ತೇನೆ. ಆಡುವುದನ್ನು ನಿಲ್ಲಿಸು ಎಂದರೆ ಮಾತ್ರ ಕೇಳುವುದಿಲ್ಲ. ಗಂಟಲು ಹರಿದರೂ ಮಾತು ನುಂಗಬಾರದೆಂದು ಕಲಿಸಿದವರು ನೀವೇ.

ಸಂಯುಕ್ತಾ


ಸನತ್‌ನಗರ
೧೨ ಮಾರ್ಚ್ ೨೦೦೪

ಮೇಷ್ಟ್ರೇ,

ಒಂದು ತಿಂಗಳಾಯಿತು, ನಿಮ್ಮಿಂದ ಒಂದು ಕಾರ್ಡೂ ಇಲ್ಲ. ನಿಮ್ಮ ಮೌನವನ್ನು ನಾನು ಬೇಡ ಎಂದೇ ಓದಿಕೊಂಡಿದ್ದೇನೆ. ಆದರೂ ತಿಳಿಸದೆ ಮಾಡುವುದಿಲ್ಲ.

ಯುಗಾದಿಯ ದಿನ, ಮಾರ್ಚ್ ೨೧ರ ಭಾನುವಾರ, ಮಧ್ಯಾಹ್ನವೇ ಆಡುತ್ತೇವೆ. ಬೆಳಕಿಗೆ ಸೂರ್ಯ ಇದ್ದಾನೆ, ಅವನ ಫ್ಯೂಜು ಯಾರೂ ಕೀಳಲಾರರು. ಮೌನಪ್ಪ ಶೆಡ್ಡು ಶೆಡ್ಡಿಗೂ ಹೋಗಿ, ನಾಟಕದವರನ್ನು ಒಳಗೆ ಬಿಟ್ಟವರ ತಗಡು ಬಿಚ್ಚಿಸುತ್ತೇನೆ ಎಂದು ಹೇಳಿ ಬಂದಿದ್ದಾನೆ. ನಿಮಗೆ ತೊಂದರೆಯಾದರೆ ಬೇಡ ಎಂದು ನಾನೇ ಗದಿಗೆಮ್ಮನಿಗೆ ಹೇಳಿದೆ. “ನೀವು ಹೆದರಿದ್ರ ಹೆದರ್ರಿ. ನನ್ನ ಹೆಸರಲೆ ಹೆದರಬ್ಯಾಡ್ರಿ” ಅಂದಳು.

ಕೊನೆ ಏನಾಗಬೇಕೆಂದು ನಮಗಿನ್ನೂ ಗೊತ್ತಿಲ್ಲ. ನಾನೇ ಏನೇನೋ ಬರೆದು ಹರಿದು ಹಾಕಿದೆ. ಎಲ್ಲವೂ ಭಾಷಣದಂತೆ ಕೇಳಿಸುತ್ತದೆ.

ಸಂಯುಕ್ತಾ


ಹೊಸಪೇಟೆ
೧೬ ಮಾರ್ಚ್ ೨೦೦೪

ಸಂಯುಕ್ತಾ ಅವರಿಗೆ ಹಂಪಮ್ಮ ಮಾಡುವ ನಮಸ್ಕಾರ.

ನಾನು ತಿಪ್ಪೇಸ್ವಾಮಿಯ ತಂಗಿ. ನಿಮ್ಮ ಎರಡು ಪತ್ರಗಳೂ ಮೇಜಿನ ಮೇಲೆ ಬಿದ್ದಿವೆ. ಅಣ್ಣ ಓದುತ್ತಾನೆ, ಮಡಚುತ್ತಾನೆ, ಮತ್ತೆ ಓದುತ್ತಾನೆ. ಉತ್ತರ ಬರೆಯುವುದಿಲ್ಲ. ನೀನು ಬರೆಯದಿದ್ದರೆ ನಾನು ಬರೆಯುತ್ತೇನೆ ಎಂದು ಅವನಿಗೆ ಹೇಳಿಯೇ ಕೂತಿದ್ದೇನೆ. ನನಗೆ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಸರಿಮಾಡಿ ಓದಿಕೊಳ್ಳಿ.

ನಿಂಗವ್ವ ಎಂದರೆ ನಾನು. ಜಲ್ಲಿ ಒಡೆದದ್ದು ಅಣ್ಣನ ಕಲ್ಪನೆ, ನಾನು ಹೊಲಿಗೆ ಮಾಡಿದೆ. ಪೆಟ್ಟು ತಿಂದದ್ದು, ಮಗಳನ್ನು ಕಟ್ಟಿಕೊಂಡು ಮನೆ ಬಿಟ್ಟದ್ದು, ಗಂಡ ಕರೆಯಲು ಬಂದದ್ದು ಎಲ್ಲ ನಿಜ. ಹಿಂದೆ ಹೋದದ್ದು ಮಾತ್ರ ಸುಳ್ಳು. ನಾನು ಹೋಗಲಿಲ್ಲ.

ಅವನು ಬಂದಾಗ ಬಿಸಿಲು ಜೋರಾಗಿತ್ತು. ಒಂದು ತಂಬಿಗೆ ನೀರು ಕೊಟ್ಟೆ. ಕುಡಿದ. ನಡಿ ಎಂದ. ತಂಬಿಗೆ ಈಸಿಕೊಂಡು ಒಳಗೆ ಬಂದು ಬಾಗಿಲು ಹಾಕಿದೆ. ಅಷ್ಟೇ ನಡೆದದ್ದು. ಒಂದು ಮಾತೂ ಆಡಲಿಲ್ಲ. ಆಗ ನಾನು ಅಣ್ಣನ ಮನೆಯಲ್ಲಿದ್ದೆ. ಜನ ಏನೆನ್ನುತ್ತಾರೆ, ಹೋಗು ಎಂದು ಅಣ್ಣನೂ ಹೇಳಿದ. ನಿನ್ನ ಮನೆ ಸಣ್ಣದಾದರೆ ನಾನೇ ಒಂದು ಕೋಣೆ ಹಿಡಿಯುತ್ತೇನೆ ಎಂದೆ, ಹಿಡಿದೆ. ಮಗಳನ್ನು ಓದಿಸಿದೆ, ಈಗ ಬಳ್ಳಾರಿಯಲ್ಲಿ ನರ್ಸು. ಕೋಣೆ ಹೋಗಿ ಮನೆಯಾಯಿತು. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ಒಬ್ಬನೇ ಆದ, ಇಲ್ಲಿಗೇ ಬಾ ಎಂದು ಕರೆದುಕೊಂಡು ಬಂದೆ. ತಂಗಿ ನನ್ನ ಜೊತೆಗಿದ್ದಾಳೆ ಎಂದು ಅವನು ಎಲ್ಲರಿಗೂ ಬರೆಯುತ್ತಾನೆ. ಬರೆದುಕೊಳ್ಳಲಿ. ಮನೆ ನನ್ನದು.

ನಾಟಕಕ್ಕೆ ಬಹುಮಾನ ಬಂದ ವರ್ಷ ನೋಡಲು ಕರೆದುಕೊಂಡು ಹೋಗಿದ್ದ. ನಾನು ಗಂಟು ಹೊತ್ತು ಅವನ ಹಿಂದೆ ಹೋಗುವುದನ್ನು ಕುರ್ಚಿಯ ಮೇಲೆ ಕೂತು ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎದ್ದು ಹೇಳಬೇಕೆನಿಸಿತು, ಏಳಲಿಲ್ಲ. ನಿಮ್ಮ ಗದಿಗೆಮ್ಮ ಎದ್ದಳಲ್ಲ, ಅದನ್ನು ಓದಿದ ದಿನ ನನಗೆ ಹೊಲಿಗೆಗೆ ಕೂರಲಾಗಲಿಲ್ಲ.

ನಾಟಕ ಅಣ್ಣನದು. ಬದುಕು ನನ್ನದು. ನನ್ನ ಬದುಕನ್ನು ಆಡಲು ಯಾರ ಅನುಮತಿಯೂ ನಿಮಗೆ ಬೇಡ, ನಾನು ಕೊಟ್ಟಿದ್ದೇನೆ. ಆಡಿ.

ಹಂಪಮ್ಮ


ಸನತ್‌ನಗರ
೨೮ ಮಾರ್ಚ್ ೨೦೦೪

ಹಂಪಮ್ಮನವರಿಗೆ ಮತ್ತು ಮೇಷ್ಟ್ರಿಗೆ ಸಂಯುಕ್ತಾಳ ನಮಸ್ಕಾರಗಳು.

ಈ ಪತ್ರವನ್ನು ಇಬ್ಬರೂ ಓದಬೇಕೆಂದು ಇಬ್ಬರ ಹೆಸರಿಗೂ ಬರೆಯುತ್ತಿದ್ದೇನೆ.

ಹಂಪಮ್ಮನವರೇ, ನಿಮ್ಮ ಪತ್ರ ಹಬ್ಬದ ಹಿಂದಿನ ದಿನ ಕೈಸೇರಿತು. ಲಹರಿಯ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಆಮೇಲೆ ಆನಂದಕುಮಾರ, ಹಾಗಾದರೆ ಕೊನೆಯಲ್ಲಿ ನನಗೇನು ಮಾತು ಎಂದು ಕೇಳಿದ. ಏನೂ ಇಲ್ಲ, ನೀರು ಕುಡಿ ಎಂದೆ.

ಭಾನುವಾರ ಹೋದಾಗ ಮೌನಪ್ಪ ಕಟ್ಟಡದ ಗೇಟಿಗೆ ಬೀಗ ಹಾಕಿ ಒಳಗಡೆ ನಿಂತಿದ್ದ. ನಮ್ಮನ್ನು ಒಳಗೆ ಬಿಡಲಿಲ್ಲ, ಒಳಗಿನವರನ್ನು ಹೊರಗೂ ಬಿಡಲಿಲ್ಲ. ನಾವು ಗೇಟಿನ ಮುಂದಿನ ಮಣ್ಣು ರಸ್ತೆಯಲ್ಲೇ ಶುರು ಮಾಡಿದೆವು. ಮೊದಲ ದೃಶ್ಯವನ್ನು ಅವರು ಕಂಬಿಗಳ ನಡುವಿನಿಂದ ನೋಡಿದರು. ಅಷ್ಟರಲ್ಲಿ ಗದಿಗೆಮ್ಮ ಮೌನಪ್ಪನ ಹತ್ತಿರ ಬಂದು ಏನೋ ಹೇಳಿದಳು. ಏನೆಂದು ನನಗೆ ಕೇಳಿಸಲಿಲ್ಲ. ಆಮೇಲೆ ಕೇಳಿದಾಗ ಹೇಳಿದಳು: “ಹಬ್ಬದ ದಿನ ಬೀಗ ಹಾಕಿದ್ರ ಅದು ಶೆಡ್ಡಲ್ಲ, ಜೈಲು. ಜೈಲಾದ್ರ ನಾಳಿ ಕೆಲಸಕ್ಕೂ ಹೊರಗ ಬರಂಗಿಲ್ಲ ಅಂದೆ.” ಅವಳ ಹಿಂದೆ ಎಲ್ಲ ಹೆಂಗಸರೂ, ಅವರ ಹಿಂದೆ ಗಂಡಸರೂ ನಿಂತಿದ್ದರು. ಅವನು ಬೀಗ ತೆಗೆದ.

ರಸ್ತೆ ತುಂಬಿಹೋಯಿತು. ಪಕ್ಕದ ಕಟ್ಟಡಗಳ ಪಾಲಮೂರು ಕಡೆಯ ತೆಲುಗು ಕೂಲಿಕಾರರೂ ಬಂದು ಕೂತರು. ಅವರಿಗೆ ಗದಿಗೆಮ್ಮನ ಪಕ್ಕದವಳು ತೆಲುಗಿನಲ್ಲಿ ಹೇಳುತ್ತಿದ್ದಳು. ಲಹರಿಯ ಅಪಾರ್ಟ್‌ಮೆಂಟಿನವರು ಬಾಲ್ಕನಿಗಳಿಂದ ನೋಡಿದರು, ಕೆಲವರು ಇಳಿದೂ ಬಂದರು. ಒಬ್ಬರು ಪೊಲೀಸರಿಗೆ ಫೋನ್ ಮಾಡುತ್ತೇನೆಂದರು. ಮಾಡಿ, ಅವರೂ ನೋಡಲಿ ಎಂದಳು ಲಹರಿ. ಮೂರು ವರ್ಷದಿಂದ ನೋಡುತ್ತಿದ್ದೇನೆ, ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

ಬಾಗಿಲಿಗೆ ಸೆಂಟ್ರಿಂಗಿನ ಪ್ಲೈವುಡ್ ಹಲಗೆ ತಂದು ಇಬ್ಬರು ಹೆಂಗಸರು ಹಿಡಿದರು. ಆನಂದಕುಮಾರ ಬಂದ. ನೀರು ಕೊಟ್ಟೆ. ನಿಜವಾಗಿಯೂ ಬಿಸಿಲು, ನಿಜವಾಗಿಯೂ ಬಾಯಾರಿತ್ತು, ಗಟಗಟ ಕುಡಿದ. ನಡಿ ಎಂದ. ನಾನು ಗದಿಗೆಮ್ಮನ ಕಡೆ ನೋಡಿದೆ. ಅವಳು ಎದ್ದಿರಲಿಲ್ಲ, ಆದರೆ ಏಳಲು ಸಿದ್ಧವಾಗಿ ಒಂದು ಕೈ ನೆಲಕ್ಕೆ ಊರಿದ್ದಳು. ತಂಬಿಗೆ ಈಸಿಕೊಂಡು ಒಳಗೆ ಹೋದೆ. ಹಲಗೆ ಮುಚ್ಚಿತು. ನನಗೆ ಹಲಗೆಯ ಆಚೆ ಏನೂ ಕಾಣಿಸುತ್ತಿರಲಿಲ್ಲ. ಆಮೇಲೆ ಗದಿಗೆಮ್ಮನ ದನಿ ಕೇಳಿತು. “ಹಾಂ. ಈಗ ಆತು.”

ಆ ಮುದುಕ ಮಾತ್ರ ಮತ್ತೆ ಎದ್ದ, ಮಗುವಿಗೆ ಅಪ್ಪ ಬೇಡವೇನು ಎಂದ. ಮತ್ತೆ ವಾದ ಶುರುವಾಯಿತು. ಹೊತ್ತು ಮುಳುಗುವವರೆಗೆ ನಡೆಯಿತು. ನಾವು ಬಟ್ಟೆ ಮಡಚಿಕೊಂಡು ಹೊರಟರೂ ಅವರು ಬಿಟ್ಟಿರಲಿಲ್ಲ.

ಎಲ್ಲ ಚೆನ್ನಾಗಿ ಮುಗಿಯಿತೆಂದು ಬರೆದು ನಿಮ್ಮಿಂದ ಇನ್ನೊಮ್ಮೆ ಮುಚ್ಚಿಡುವುದಿಲ್ಲ. ಮಾರನೆಯ ದಿನ ಮೌನಪ್ಪ ಗದಿಗೆಮ್ಮನ ಶೆಡ್ಡೂ ಇನ್ನೆರಡು ಶೆಡ್ಡುಗಳೂ ಬಿಚ್ಚಿಸಿದ. ಪಾತ್ರೆಪಗಡ ರಸ್ತೆಯಲ್ಲಿದ್ದವು. ಸುದ್ದಿ ತಿಳಿದು ಆಫೀಸಿಗೆ ರಜೆ ಹಾಕಿ ಓಡಿದೆ. ಅವಳ ಮುಂದೆ ನಿಲ್ಲಲು ನನಗೆ ಮುಖವಿರಲಿಲ್ಲ. ಅವಳು ಮೂಟೆಯ ಬಾಯಿ ಬಿಗಿಯುತ್ತ, “ಈ ಊರಾಗ ಕಟ್ಟೂದಕ್ಕೇನು ಬರ ಐತೇನ್ರಿ? ಲಿಂಗಂಪಲ್ಲ್ಯಾಗ ಬ್ಯಾರೆ ಮೇಸ್ತ್ರಿ ಕರದಾನ. ನೀವು ಅಲ್ಲಿಗೆ ಬರ್ರಿ. ಅಲ್ಲೂ ಮಂದಿ ಭಾಳ ಐತಿ” ಎಂದಳು. ಲಾರಿ ಸಿಗುವವರೆಗೆ ಅವರ ಸಾಮಾನು ಲಹರಿಯ ಹೊಸ ಫ್ಲ್ಯಾಟಿನ ಹಾಲಿನಲ್ಲಿತ್ತು.

ಏಪ್ರಿಲ್ ಕೊನೆಯ ಭಾನುವಾರ ಲಿಂಗಂಪಲ್ಲಿಯಲ್ಲಿ ಆಡುತ್ತೇವೆ.

ಸಂಯುಕ್ತಾ


ಹೊಸಪೇಟೆ
೭ ಏಪ್ರಿಲ್ ೨೦೦೪

ಚಿ. ಸಂಯುಕ್ತಾಳಿಗೆ ಆಶೀರ್ವಾದ.

ಹಂಪಮ್ಮ ನಿನಗೆ ಬರೆದದ್ದನ್ನು ನನಗೂ ಹೇಳಿದಳು. ಮನೆ ಯಾರದೆಂದು ಈ ಬೀದಿಗೆಲ್ಲ ಗೊತ್ತು. ದೂರದವರಾದ್ದರಿಂದ ನಿನ್ನಂಥವರಿಗೆ, ತಂಗಿ ನನ್ನ ಜೊತೆಗಿದ್ದಾಳೆಂದು ಬರೆಯಲು ಸಾಧ್ಯವಾಗಿತ್ತು.

ನಿನ್ನ ಪತ್ರವನ್ನು ಹಂಪಮ್ಮನಿಗೆ ಓದಿ ಹೇಳಿದೆ. ಬಾಗಿಲು ಮುಚ್ಚುವ ಭಾಗವನ್ನು ಎರಡು ಸಲ ಓದಿಸಿದಳು. ಚಿಲಕ ಹಾಕಿದರೋ ಇಲ್ಲವೋ ಎಂದು ಕೇಳಿದಳು. ಅದು ನಿನ್ನ ಪತ್ರದಲ್ಲಿಲ್ಲ, ತಿಳಿಸು.

ನಾನು ಸೋತೆನೆಂದು ತಿಳಿಯಬೇಡ. ಕ್ಷಮೆ ದೊಡ್ಡದು ಎಂದು ಈಗಲೂ ವಾದಿಸುತ್ತೇನೆ. ಆ ಮುದುಕ ಕೇಳಿದ ಪ್ರಶ್ನೆಯೂ ಸಣ್ಣದಲ್ಲ. ಆದರೆ ಮನೆಯಲ್ಲಿ ನನ್ನೊಡನೆ ಯಾರೂ ವಾದಕ್ಕೆ ಬರುತ್ತಿಲ್ಲ. ಹಂಪಮ್ಮ ಬಟ್ಟೆ ಕತ್ತರಿಸುತ್ತ ಸುಮ್ಮನೆ ನಗುತ್ತಾಳೆ.

ಲಿಂಗಂಪಲ್ಲಿಗೆ ನಾವಿಬ್ಬರೂ ಬರುತ್ತೇವೆ. ನನ್ನನ್ನು ನಾಟಕಕಾರನೆಂದು ಯಾರಿಗೂ ಪರಿಚಯ ಮಾಡಿಸಬೇಡ. ಜನರ ನಡುವೆ ಕೂರುತ್ತೇನೆ. ಕೊನೆಯ ದೃಶ್ಯದಲ್ಲಿ ನಾನೂ ಎದ್ದು ನಿಂತು, ನಿಂಗವ್ವ ಹೋಗಬೇಕು ಎನ್ನುತ್ತೇನೆ. ಉತ್ತರ ಕೊಡುವವರಿದ್ದರೆ ಕೊಡಲಿ.

ತಿಪ್ಪೇಸ್ವಾಮಿ


ಸನತ್‌ನಗರ
೧೪ ಏಪ್ರಿಲ್ ೨೦೦೪

ಮೇಷ್ಟ್ರೇ,

ಬನ್ನಿ. ಬಸ್ ನಿಲ್ದಾಣಕ್ಕೆ ಆನಂದಕುಮಾರ ಬರುತ್ತಾನೆ. ಗದಿಗೆಮ್ಮನಿಗೆ ಹೇಳಿದ್ದೇನೆ, ಹೊಸಪೇಟೆಯಿಂದ ಹಿರಿಯರೊಬ್ಬರು ವಾದಕ್ಕೆ ಬರುತ್ತಾರೆ ಎಂದು. ಬರಲಿ ಅಂದಳು.

ಕೊಂಡಾಪುರದ ಹಲಗೆಗೆ ಚಿಲಕವಿರಲಿಲ್ಲ. ಲಿಂಗಂಪಲ್ಲಿಗೆ ಬಡಗಿಯಿಂದ ಹಾಕಿಸುತ್ತಿದ್ದೇವೆ. ಹೊರಗೆ ಕೂತವರಿಗೂ ಸದ್ದು ಕೇಳುವಂಥದ್ದು ಬೇಕೆಂದು ಹೇಳಿದ್ದೇನೆ.

ಸಂಯುಕ್ತಾ